ಕೈಗಡ

ಕನ್ನಡ ಎಂ.ಎ. ಮಾಡಿದವನಿಗೆ ಊರಿನಲ್ಲಿ ತಪ್ಪದೆ ಒದಗುವ ಕೆಲಸಗಳು ಮೂರು. ಮದುವೆಯ ಕರೆಯೋಲೆಯ ಕಾಗುಣಿತ ತಿದ್ದುವುದು, ನಿವೃತ್ತರಾದವರಿಗೆ ಬಿನ್ನವತ್ತಳೆ ಬರೆದುಕೊಡುವುದು, ಸತ್ತವರಿಗೆ ಪತ್ರಿಕೆಯಲ್ಲಿ ಹಾಕಿಸುವ ಶ್ರದ್ಧಾಂಜಲಿಯ ಒಕ್ಕಣೆ ಹೊಂದಿಸುವುದು. ಮೂರನ್ನೂ ನಾನು ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಗಂಡಸಾದರೆ ‘ಸರಳ ಸಜ್ಜನ’, ‘ಪರೋಪಕಾರಿ’; ಹೆಂಗಸಾದರೆ ‘ಸಹನಾಮೂರ್ತಿ’, ‘ತ್ಯಾಗಮಯಿ’, ‘ವಾತ್ಸಲ್ಯದ ಗಣಿ’. ಹೆಸರು ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಒಮ್ಮೆ ಒಂದೇ ವಾರದಲ್ಲಿ ಇಬ್ಬರು ವೃದ್ಧೆಯರಿಗೆ ‘ಸಹನಾಮೂರ್ತಿ’ಯೆಂದು ಬರೆದುಕೊಟ್ಟೆ. ಅವರಲ್ಲಿ ಒಬ್ಬರ ಬಾಯಿಗೆ ಅಂಜಿ ಇಡೀ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ, ಮನೆಯವರಂತೂ ಕಣ್ಣೊರೆಸಿಕೊಂಡರು.

2022ರ ಆಷಾಢದಲ್ಲಿ ನನ್ನ ಅವ್ವ ತೀರಿಕೊಂಡಳು. ಆಗ ಆಕೆಗೆ ಎಪ್ಪತ್ತೊಂದು ವರ್ಷ. ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಬಂದವರೆಲ್ಲ ಅಪ್ಪನ ಮುಂದೆ ಕುಳಿತು ಒಂದೇ ಮಾತನ್ನು ಹೇಳಿ ಹೋಗುತ್ತಿದ್ದರು: “ಮುತ್ತೈದಿಯಾಗಿ ಹೋದ್ರು, ಪುಣ್ಯವಂತ್ರು.” ಮಳೆ ಹಿಡಿದಿತ್ತು. ಐದನೆಯ ದಿನ ಅಪ್ಪ ನನ್ನನ್ನು ಕರೆದರು. “ನೀ ಕನ್ನಡ ಮಾಸ್ತರ ಅದೀಯಲ್ಲ, ನಾಕ ಸಾಲು ಬರೀ. ಊರ ಮಂದಿಯೆಲ್ಲಾ ನಿನ್ನ ಕಡೆ ಬರಸ್ಕೊಂಡು ಹೋಗತಾರ, ನಿಮ್ಮವ್ವಗ ಬರಿಯೂದಿಲ್ಲೇನು?” ಎಂದರು.

ಬರೆಯಲು ಕುಳಿತೆ. ‘ಪ್ರೀತಿಯ ಪತ್ನಿ, ಮಮತೆಯ ತಾಯಿ, ಅಕ್ಕರೆಯ ಅಜ್ಜಿ’ ಎಂಬ ಮೊದಲ ಸಾಲು ರೂಢಿಯ ಬಲದಿಂದ ತಾನೇ ಬಂತು. ಅಲ್ಲಿಗೇ ಕೈ ನಿಂತಿತು. ಪತ್ನಿ, ತಾಯಿ, ಅಜ್ಜಿ ಇವು ಸಂಬಂಧವನ್ನು ಹೇಳುವ ಪದಗಳು. ತರಗತಿಯಲ್ಲಿ ನಾನೇ ಹೇಳಿಕೊಡುತ್ತೇನೆ: ಇಂಥ ಪದ ಒಂಟಿಯಾಗಿ ನಿಲ್ಲಲಾರದು, ‘ಯಾರ?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಇರುತ್ತದೆ, ಷಷ್ಠೀ ವಿಭಕ್ತಿಯ ಆಸರೆಯಿಲ್ಲದೆ ಅದಕ್ಕೆ ಅರ್ಥವಿಲ್ಲ. ಅಪ್ಪನ ಪತ್ನಿ, ನನ್ನ ತಾಯಿ, ನನ್ನ ಮಗಳ ಅಜ್ಜಿ. ಮೂರು ಪದಗಳಲ್ಲಿ ನಾವು ಮೂವರೂ ಇದ್ದೇವೆ. ಆಕೆ ಎಲ್ಲಿದ್ದಾಳೆ?

ಇದು ಸೂತಕದ ಮನೆಯಲ್ಲಿ ಹುಟ್ಟಿದ ತರ್ಕ, ಇಂಥವನ್ನು ಬಹಳ ನೆಚ್ಚಬಾರದು. ಸಂಬಂಧಗಳನ್ನೆಲ್ಲ ಕಳಚಿಟ್ಟರೆ ಮನುಷ್ಯನಲ್ಲಿ ಉಳಿಯುವುದಾದರೂ ಏನು? ಅವ್ವನೇ ಶಾಲೆಯ ಬಾಗಿಲಲ್ಲಿ ನಿಂತು “ನಾ ಇವನ ಅವ್ವ ರೀ” ಎಂದು ಹೇಳುವಾಗ ಆ ಮಾತಿನಲ್ಲಿ ದರ್ಪವಿತ್ತು, ಕುಂದಿರಲಿಲ್ಲ. ಆದುದರಿಂದ ಆ ಸಾಲನ್ನು ಇದ್ದಂತೆಯೇ ಬಿಟ್ಟೆ. ಅದರ ಕೆಳಗೆ ‘ತ್ಯಾಗಮಯಿ’ ಎಂದು ಸೇರಿಸಿದೆ. ಆ ಪದವನ್ನು ನಾನು ರೂಢಿಯ ಬಲದಿಂದ ಬರೆಯಲಿಲ್ಲ. ಅದಕ್ಕೆ ನನ್ನಲ್ಲಿ ಪುರಾವೆಯಿತ್ತು.

ಆ ಪುರಾವೆಯ ಮಾತು ಆಮೇಲೆ. ಮೊದಲು ಹನ್ನೆರಡನೆಯ ದಿನದ ಸಂಗತಿ ಹೇಳುತ್ತೇನೆ. ಅಂದು ಸಪಿಂಡೀಕರಣ. ಸತ್ತವರ ಪಿಂಡವನ್ನು ಹಿಂದಿನ ಮೂರು ತಲೆಮಾರಿನವರ ಪಿಂಡಗಳೊಡನೆ ಕೂಡಿಸುವ ವಿಧಿ. ಗಂಡ ಬದುಕಿರುವಾಗ ಹೋದ ಹೆಣ್ಣನ್ನು ಆಕೆಯ ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆ, ಹೀಗೆ ಆ ಸಾಲಿನಲ್ಲಿ ಸೇರಿಸುತ್ತಾರೆ. ನಮ್ಮ ಅಜ್ಜಿಯೊಡನೆ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕಳೆದ ಅವ್ವ, ಹೋದ ಹನ್ನೆರಡೇ ದಿನಕ್ಕೆ ಮತ್ತೆ ಅದೇ ಅತ್ತೆಯ ಪಕ್ಕಕ್ಕೆ! ಆ ಗಂಭೀರವಾದ ಹೊತ್ತಿನಲ್ಲಿಯೂ ನನ್ನ ಅಕ್ಕ ಈ ಮಾತನ್ನು ನನ್ನ ಕಿವಿಯಲ್ಲಿ ಹೇಳದೆ ಬಿಡಲಿಲ್ಲ. ಆಚಾರ್ಯರು ಹೆಸರು ಕೇಳುತ್ತ ಹೋದರು. ಗಂಡಸರ ಹೆಸರುಗಳನ್ನು ಅಪ್ಪ ಐದು ತಲೆಮಾರಿನವರೆಗೆ ತಡೆಯಿಲ್ಲದೆ ಹೇಳಬಲ್ಲರು. ಹೆಂಗಸರ ಹೆಸರು ಎರಡಕ್ಕೆ ಮುಗಿಯಿತು. ಮೂರನೆಯವಳ ಹೆಸರು ಯಾರಿಗೂ ತಿಳಿಯದು. “ಇರ್ಲಿ, ಅದಕ್ಕೂ ದಾರಿ ಅದ” ಎಂದು ಆಚಾರ್ಯರು ಮುಂದುವರಿದರು.

ಇನ್ನೂ ಒಂದು ತೊಡಕು ಅಲ್ಲಿಯೇ ಎದ್ದಿತು. ಅವ್ವನ ಹೆಸರನ್ನು ಅಪ್ಪ ಒಂದು ಹೇಳಿದರೆ, ಮೂಲೆಯಲ್ಲಿ ಕುಳಿತಿದ್ದ ಸೋದರಮಾವ ತನಗರಿವಿಲ್ಲದೆಯೇ ಮತ್ತೊಂದು ಹೇಳಿಬಿಟ್ಟರು. 1970ರಲ್ಲಿ ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆದು ಕೊಟ್ಟ ಹೆಸರು ಅಪ್ಪನದು. ಹತ್ತೊಂಬತ್ತು ವರ್ಷ ತೌರಿನಲ್ಲಿ ಕೂಗಿದ ಹೆಸರು ಮಾವನದು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈ ರೂಢಿ ಇತ್ತು, ಕೆಲವೆಡೆ ಈಗಲೂ ಇದೆ. ತಾಯಿಗೆ ಬೇರೊಂದು ಹೆಸರು ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲವೆಂದಲ್ಲ. ಆದರೆ ನಲವತ್ತಮೂರು ವರ್ಷ ಆಕೆಯ ಮಗನಾಗಿದ್ದೂ ಆ ಹೆಸರಿನಿಂದ ಯಾರಾದರೂ ಆಕೆಯನ್ನು ಕರೆದುದನ್ನು ನಾನು ಕಿವಿಯಾರೆ ಕೇಳಿದುದು ಅಂದೇ ಮೊದಲು. ಕರೆಸಿಕೊಳ್ಳಲು ಆಕೆ ಇರಲಿಲ್ಲ.

ಬಿ.ಎ. ವಿದ್ಯಾರ್ಥಿಗಳಿಗೆ ನಾನು ಶಾಸನಗಳನ್ನು ಪಾಠ ಹೇಳುತ್ತೇನೆ. ವರ್ಷಕ್ಕೊಮ್ಮೆ ಅವರನ್ನು ಗದಗಿನ ಹತ್ತಿರದ ಲಕ್ಕುಂಡಿಗೆ ಕರೆದುಕೊಂಡು ಹೋಗುವುದೂ ಉಂಟು. ನಮ್ಮ ನಾಡಿನಲ್ಲಿ ಹೆಂಗಸರನ್ನು ನೆನೆದ ಬಗೆಗಳನ್ನು ಕಲ್ಲಿನಲ್ಲಿಯೇ ನೋಡಬಹುದು. ಮಾಸ್ತಿಕಲ್ಲನ್ನು ಕಂಡವರಿಗೆ ಗೊತ್ತು: ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮೊಳಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಕೈ, ಮುಂಗೈ ತುಂಬ ಬಳೆ. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ. ಬದುಕಿದ್ದಷ್ಟು ಕಾಲ ಆ ಕೈ ಏನು ಮಾಡಿತೆಂಬುದು ಆ ಕಲ್ಲಿಗೆ ಬೇಡ. ಕೊನೆಯ ಒಂದು ದಿನ ಸಾಕು. ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನಲ್ಲಿ ದೇಕಬ್ಬೆಯ ಶಾಸನವಿದೆ, 1057ರದು. ಗಂಡ ಏಚ ಸತ್ತ ಸುದ್ದಿ ಕೇಳಿ ಬೆಂಕಿಯನ್ನು ಹೊಕ್ಕವಳು ದೇಕಬ್ಬೆ. ತಂದೆತಾಯಿ, ಬಂಧುಗಳು ಬೇಡವೆಂದು ತಡೆದುದನ್ನೂ ಅವಳು ಕೇಳದುದನ್ನೂ ಶಾಸನಕವಿ ಮಲ್ಲ ಬರೆದಿಟ್ಟಿದ್ದಾನೆ. ನನಗೆ ಆ ಶಾಸನ ಇಷ್ಟವಾಗುವುದು ಸಾವಿಗಾಗಿ ಅಲ್ಲ, ಆ ತಡೆಯುವ ಮಾತುಗಳಿಗಾಗಿ. ಅವಳು ಒಬ್ಬರ ಮಗಳೂ ಆಗಿದ್ದಳೆಂಬುದು ಅಲ್ಲಿ ಉಳಿದುಕೊಂಡಿದೆ.

ಲಕ್ಕುಂಡಿಯ ಅತ್ತಿಮಬ್ಬೆಯ ಕತೆ ಬೇರೆ. ನಾಗದೇವನಿಗೆ ಅಕ್ಕತಂಗಿಯರಿಬ್ಬರು ಹೆಂಡತಿಯರು. ಅವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಎಳೆಯ ಮಗನನ್ನು ಸಾಕುತ್ತ ಉಳಿದಳು. ಉಳಿದವಳು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಂದ ‘ಅಜಿತಪುರಾಣ’ ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. 1007ರ ಶಾಸನ ಈಗಲೂ ಅಲ್ಲಿದೆ. ಅವಳಿಗೆ ಬಂದ ಬಿರುದು ‘ದಾನಚಿಂತಾಮಣಿ’. ‘ತ್ಯಾಗಮಯಿ’ ಎಂದು ನಾವು ಮನೆಯ ಹೆಂಗಸರಿಗೆ ಕೊಡುವ ಬಿರುದಿಗೂ ಇದಕ್ಕೂ ಇರುವ ಅಂತರವನ್ನು ನಾನು ಪಾಠದಲ್ಲಿ ಎಂದೂ ಹೇಳಿರಲಿಲ್ಲ, ನನಗೇ ಹೊಳೆದಿರಲಿಲ್ಲ. ದಾನ ಮಾಡುವವಳು ತನ್ನದನ್ನು ತಾನೇ ಮನಸ್ಸು ಮಾಡಿ ಕೊಡುತ್ತಾಳೆ. ತ್ಯಾಗ ಮಾಡಿದಳೆಂದು ಹೇಳುವವರು ಸಾಮಾನ್ಯವಾಗಿ ತೆಗೆದುಕೊಂಡವರು.

ಈಗ ಪುರಾವೆಗೆ ಬರುತ್ತೇನೆ. 2001ರಲ್ಲಿ ನಾನು ಎಂ.ಎ.ಗೆಂದು ಮೈಸೂರಿಗೆ ಹೊರಟೆ. ಧಾರವಾಡದಲ್ಲಿಯೇ ವಿಶ್ವವಿದ್ಯಾಲಯ ಮನೆಯ ಬಾಗಿಲಲ್ಲಿದ್ದಂತೆ ಇರುವಾಗ ಮೈಸೂರೇಕೆಂದು ಎಲ್ಲರೂ ಕೇಳಿದರು. ಮಾನಸಗಂಗೋತ್ರಿಯ ಹುಚ್ಚು ನನಗೆ. ಅದೇ ವರ್ಷ ಅಕ್ಕನ ಮದುವೆಯಾಗಿ ಅಪ್ಪನ ಕೈ ಬರಿದಾಗಿತ್ತು. ಆಗ ಅವ್ವ ತನ್ನ ಎರಡು ಪಾಟಲಿಗಳನ್ನು ಬಿಚ್ಚಿ ಕೊಟ್ಟಳು. ಮೂರು ತೊಲದ ಚಿನ್ನ, ತೌರಿನಿಂದ ಬಂದದ್ದು. ಹತ್ತು ಗ್ರಾಮಿಗೆ ಸುಮಾರು 4,300 ರೂಪಾಯಿಯ ಕಾಲ ಅದು. ಎರಡು ವರ್ಷದ ಹಾಸ್ಟೆಲಿಗೂ ಊಟಕ್ಕೂ ಆ ಹಣ ಒದಗಿತು. ಅಂದಿನಿಂದ ಆಕೆಯ ಕೈಯಲ್ಲಿ ಹಸಿರು ಗಾಜಿನ ಬಳೆಗಳಷ್ಟೆ.

ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಶಿಕ್ಷಕರ ದಿನಾಚರಣೆಗಳಲ್ಲಿ ಹೇಳಿದ್ದೇನೆ. “ನನ್ನ ತಾಯಿ ನಗುನಗುತ್ತ ಬಿಚ್ಚಿಕೊಟ್ಟಳು” ಎಂಬಲ್ಲಿಗೆ ಬಂದಾಗ ಧ್ವನಿ ತಾನೇ ಗದ್ಗದವಾಗುತ್ತಿತ್ತು, ಸಭೆಯೂ ನಿಶ್ಶಬ್ದವಾಗುತ್ತಿತ್ತು. ಮಾತುಗಾರನಿಗೆ ಅದರ ರುಚಿ ಒಮ್ಮೆ ಹತ್ತಿದರೆ ಬಿಡುವುದಲ್ಲ. ಒಂದು ಸಲ ಅವ್ವನೂ ಸಭೆಯಲ್ಲಿದ್ದಳು. ಮನೆಗೆ ಬಂದು ಸೀರೆ ಮಡಿಸಿಡುತ್ತ, “ನಾ ಅಂದ ನಕ್ಕಿದ್ನೇನೋ?” ಎಂದು ಕೇಳಿದಳು. ನಾನು ಅದನ್ನು ವಿನೋದವೆಂದುಕೊಂಡು ನಕ್ಕೆ.

ಆಕೆ ಹೋಗಿ ಎರಡು ತಿಂಗಳಾದ ಮೇಲೆ ಅಕ್ಕ ಬಂದು ಟ್ರಂಕು ತೆಗೆದಳು. ಸೀರೆಗಳ ಕೆಳಗೆ ಹನ್ನೊಂದು ಲೆಕ್ಕದ ಪುಸ್ತಕಗಳು. ನಮ್ಮ ಶಾಲೆಯ ನೋಟುಬುಕ್ಕುಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಹರಿದು ದಾರದಿಂದ ಹೊಲಿದು ಮಾಡಿದವು. ಮುಂದಿನಿಂದ ತೆರೆದರೆ ಹಾಲು, ಕಾಯಿಪಲ್ಲೆ, ಗಿರಣಿಯ ಖರ್ಚು. ಹಿಂದಿನಿಂದ ತೆರೆದರೆ ಮೇಲೆ ‘ಕೈಗಡ’ ಎಂದು ಬರೆದಿತ್ತು. ಬಡ್ಡಿಯಿಲ್ಲದೆ, ಕಾಗದಪತ್ರವಿಲ್ಲದೆ, ನಂಬಿಕೆಯ ಮೇಲೆ ಕೊಟ್ಟು ತರುವುದಕ್ಕೆ ನಮ್ಮ ಕಡೆ ಹೇಳುವ ಮಾತು ಅದು. ಬಲಮನೆಯವರಿಗೆ ಸಕ್ಕರೆ ಒಂದು ವಾಟಗ, ಹಿತ್ತಲಮನೆಗೆ ಚಹಾಪುಡಿ, ಕಸ ಗುಡಿಸುವವಳಿಗೆ ಐವತ್ತು ರೂಪಾಯಿ. ಮರಳಿ ಬಂದುದರ ಮೇಲೆಲ್ಲ ನೇರವಾಗಿ ಒಂದು ಗೆರೆ. ವಾಟಗ ಸಕ್ಕರೆ ಕೊಟ್ಟಲ್ಲಿ ರೊಕ್ಕ ಬರೆದಿರಲಿಲ್ಲ. ವಾಟಗ ಸಕ್ಕರೆಯೇ ತಿರುಗಿ ಬರಬೇಕು ತಾನೆ? ಪುಟ ತಿರುವುತ್ತಿದ್ದ ಅಕ್ಕ ಒಂದೆಡೆ ನಿಂತು, ಏನೂ ಹೇಳದೆ ಪುಸ್ತಕವನ್ನು ನನ್ನ ಕಡೆ ಸರಿಸಿದಳು. 2001, ಜೂನ್. ‘ಮಗ. ಪಾಟಲಿ 2. ಮೈಸೂರಿಗೆ.’

ಅದರ ಮೇಲೆ ಗೆರೆ ಇರಲಿಲ್ಲ.

ಓದುಗರು ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಇಪ್ಪತ್ತೊಂದು ವರ್ಷ ಯಾವುದನ್ನು ತ್ಯಾಗವೆಂದು ಊರಿಗೆಲ್ಲ ಸಾರಿದೆನೋ, ಎರಡು ತಿಂಗಳ ಹಿಂದೆ ದುಡ್ಡು ಕೊಟ್ಟು ಅಚ್ಚು ಹಾಕಿಸಿದೆನೋ, ಅದು ಕೊಟ್ಟವಳ ಪುಸ್ತಕದಲ್ಲಿ ಸಾಲವಾಗಿತ್ತು. 2006ರಲ್ಲಿ ನನಗೆ ಕೆಲಸವಾಯಿತು. ಸ್ಕೂಟರು ಕೊಂಡೆ, ಪುಸ್ತಕಗಳಿಗೆ ಗೋಡೆಯುದ್ದದ ಕಪಾಟು ಮಾಡಿಸಿದೆ, ದೀಪಾವಳಿಗೆ ತಪ್ಪದೆ ಅವ್ವನಿಗೆ ಸೀರೆ ತಂದೆ. ಪಾಟಲಿಯ ಯೋಚನೆ ಒಮ್ಮೆಯೂ ಬರಲಿಲ್ಲವೆಂದರೆ ನಂಬುವಿರಾ? ಬರಲು ಕಾರಣವಿರಲಿಲ್ಲ. ತ್ಯಾಗವನ್ನು ಯಾರಾದರೂ ತಿರುಗಿ ಕೊಡುತ್ತಾರೆಯೆ? ತ್ಯಾಗಕ್ಕೆ ಸಲ್ಲುವುದು ಹೊಗಳಿಕೆ. ಅದನ್ನು ನಾನು ಧಾರಾಳವಾಗಿ ಸಲ್ಲಿಸಿದ್ದೆ.

ಮನೆಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. “ತಾಯಿ ಮಗಗ ಕೊಟ್ಟಿದ್ದು ಕೈಗಡ ಹೆಂಗಾಗತದ? ಅಕಿಗೆ ಎಲ್ಲಾ ಬರದಿಡೋ ಚಟ” ಎಂದು ಅಪ್ಪ ಅದನ್ನು ತಳ್ಳಿಹಾಕಿದರು. ಅಕ್ಕನ ವಾದ ಇನ್ನೂ ಸೂಕ್ಷ್ಮವಾದುದು: “ಮರೀಬಾರದಂತ ಬರದಾಳ. ಕೇಳಬೇಕಂತ ಬರದಿಲ್ಲ. ಕೇಳೂದಿದ್ರ ಕೇಳತಿದ್ಲು, ನಿಮ್ಮವ್ವ ಯಾರಿಗೆ ಅಂಜತಿದ್ಲು?” ಇದು ನಿಜವೂ ಇರಬಹುದು. ನಾನೂ ಈ ವಾದದ ನೆರಳಿನಲ್ಲಿ ಕೆಲವು ದಿನ ತಂಪಾಗಿ ಕುಳಿತೆ. ಆದರೆ ನನ್ನ ಹೆಂಡತಿ, ಅದುವರೆಗೆ ಸುಮ್ಮನಿದ್ದವಳು, ಒಂದು ರಾತ್ರಿ ಹೇಳಿದಳು. ಸುಭಾಸ ರಸ್ತೆಯಲ್ಲಿ ಇಬ್ಬರೂ ಹೋಗುವಾಗ ಅತ್ತೆ ಒಂದು ಸರಾಫ ಅಂಗಡಿಯ ಮುಂದೆ ಪ್ರತಿ ಸಲವೂ ನಿಲ್ಲುತ್ತಿದ್ದರಂತೆ, ಒಳಗೆ ಹೋಗುತ್ತಿರಲಿಲ್ಲವಂತೆ. “ನನಗ್ಯಾಕ ಹೇಳಲಿಲ್ಲ?” ಎಂದೆ. “ಅವರು ಹೇಳಬ್ಯಾಡ ಅಂದಿದ್ರು. ಅವಗ ತಾನ ನೆನಪಾಗಲಿ ಅಂದ್ರು” ಎಂದಳು.

ತಾನೇ ನೆನಪಾಗಲಿ! ನೆನಪಿನ ಮೇಲೆ ಇಷ್ಟು ಭಾಷಣ ಮಾಡಿದವನಿಗೆ.

ನಮ್ಮ ಪರಂಪರೆಯಲ್ಲಿ ಋಣದ ವಿಚಾರಕ್ಕೆ ಬರವಿಲ್ಲ. ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ಹೊತ್ತೇ ಮನುಷ್ಯ ಹುಟ್ಟುತ್ತಾನೆಂದು ವೇದವೇ ಹೇಳುತ್ತದೆ. ತಾಯಿಯ ಋಣವನ್ನಂತೂ ಏಳು ಜನ್ಮಕ್ಕೂ ತೀರಿಸಲಾಗದೆಂದು ಎಲ್ಲರ ಬಾಯಲ್ಲೂ ಇದೆ. ಈ ಮಾತಿನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹೆತ್ತು ಸಾಕಿದುದಕ್ಕೆ ಬೆಲೆ ಕಟ್ಟುವ ತಕ್ಕಡಿ ಯಾವ ಅಂಗಡಿಯಲ್ಲಿದೆ? ಆದರೆ ಇದರಲ್ಲಿ ಒಂದು ಅನುಕೂಲವೂ ಅಡಗಿದೆ. ತೀರಿಸಲಾಗದ ದೊಡ್ಡ ಸಾಲದ ಮರೆಯಲ್ಲಿ ತೀರಿಸಬಹುದಾದ ಸಣ್ಣ ಸಾಲಗಳು ಕಾಣದಂತಾಗುತ್ತವೆ. ಕೋಟಿ ಕೊಡಬೇಕಾದವನನ್ನು ನೂರು ರೂಪಾಯಿಗೆ ಯಾರು ಪೀಡಿಸುತ್ತಾರೆ? ತಾಯಿಯನ್ನು ದೇವರೆಂದು ತಿಳಿ ಎಂದು ತೈತ್ತಿರೀಯ ಉಪನಿಷತ್ತು ಶಿಷ್ಯನಿಗೆ ಹೇಳುತ್ತದೆ. ತಿಳಿದೆವು. ದೇವರಿಗೆ ಮಂಗಳಾರತಿ ಮಾಡುತ್ತೇವೆ. ದೇವರ ಹತ್ತಿರ ಬಳೆ ಇಸಿದುಕೊಂಡದ್ದು ನೆನಪಿರುವುದಿಲ್ಲ.

ಸತ್ತವರ ಕುರಿತು ಒಳ್ಳೆಯದನ್ನೇ ಆಡಬೇಕೆಂಬ ನಿಯಮವನ್ನು ನಾನು ಗೌರವಿಸುತ್ತಿದ್ದೆ. ಅವರು ಬಂದು ಉತ್ತರ ಕೊಡಲಾರರು, ಆದುದರಿಂದ ನಿಂದಿಸಬಾರದು ಎಂಬುದು ಅದರ ನ್ಯಾಯ. ಅದೇ ನ್ಯಾಯ ಹೊಗಳಿಕೆಗೂ ಅನ್ವಯಿಸುತ್ತದೆಂದು ಈಗ ನನಗನ್ನಿಸುತ್ತದೆ. “ನಾ ಅಂದ ನಕ್ಕಿದ್ನೇನೋ?” ಎಂದು ಎದ್ದು ಕೇಳಲು ಅವರು ಇರುವುದಿಲ್ಲ. ನನ್ನ ಅವ್ವ ಸಹನಾಮೂರ್ತಿಯಲ್ಲ. 1994ರಲ್ಲಿ ಒಂದು ಇಡೀ ಬೇಸಿಗೆ ಅಪ್ಪನೊಡನೆ ಮಾತು ಬಿಟ್ಟಿದ್ದಳು. ಕಾರಣ ನಮಗೆ ಇಂದಿಗೂ ತಿಳಿಯದು. ತಾಟು ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹತ್ತನೆಯ ಇಯತ್ತೆಗೆ ಶಾಲೆ ಬಿಡಿಸಿದ್ದಕ್ಕೆ ತನ್ನ ತಂದೆಯನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹದಿಮೂರನೆಯ ದಿನ ಊಟದ ಪಂಕ್ತಿಯಲ್ಲಿ ಎಲ್ಲರೂ ಅವ್ವನ ಗುಣಗಾನ ಮಾಡುತ್ತಿದ್ದಾಗ ನನ್ನ ಹನ್ನೊಂದು ವರ್ಷದ ಮಗಳು, “ಅಜ್ಜಿ ಚೌಕಾಬಾರದಾಗ ಮೋಸ ಮಾಡತಿದ್ಲು. ಕವಡಿ ಹಾಕಿ ನಾ ನೋಡೂದ್ರಾಗ ಎತ್ತಿಬಿಡತಿದ್ಲು” ಎಂದುಬಿಟ್ಟಳು. ಅವಳ ತಾಯಿ ಗದರಿಸಿದಳು. ಅಂದಿನ ಪಂಕ್ತಿಯಲ್ಲಿ ನನ್ನ ಅವ್ವ ಕಣ್ಣಿಗೆ ಕಟ್ಟಿದಂತೆ ಬಂದು ಕುಳಿತದ್ದು ಆ ಒಂದು ಮಾತಿನಲ್ಲಿ ಮಾತ್ರ.

ಇಷ್ಟೆಲ್ಲ ಬರೆದವನಿಗೂ ಒಂದು ಸಂಶಯ ಬಿಡದು. ಮೊದಲು ಆಕೆಯ ತ್ಯಾಗವನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಈಗ ನನ್ನ ಪಶ್ಚಾತ್ತಾಪವನ್ನು ಹೇಳಿಕೊಳ್ಳುತ್ತಿದ್ದೇನೆ. ಇದೂ ಅದೇ ಪಾಟಲಿಯನ್ನು ಎರಡನೆಯ ಸಲ ಮಾರಿದಂತಲ್ಲವೆ? ಇರಬಹುದು. ಸುಮ್ಮನಿರುವುದೇ ಮೇಲೆಂದು ಹಲವು ತಿಂಗಳು ಸುಮ್ಮನಿದ್ದೆ. ಆದರೆ ಸುಳ್ಳನ್ನು ನೂರು ಜನರ ಮುಂದೆ ಹೇಳಿದವನು ನಿಜವನ್ನು ಮನೆಯ ಒಳಗೆ ಮಾತ್ರ ಒಪ್ಪಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ.

ಮೊದಲ ಪುಣ್ಯಸ್ಮರಣೆಗೆ ಮತ್ತೆ ಪತ್ರಿಕೆಗೆ ಕೊಡಬೇಕಾಯಿತು. ಈ ಸಲ ‘ತ್ಯಾಗಮಯಿ’ಯನ್ನು ಬಿಟ್ಟೆ. ಆಕೆಯ ಎರಡು ಹೆಸರುಗಳನ್ನೂ ಬರೆದೆ, ತೌರಿನ ಹೆಸರು ಮೊದಲು. ಜಾಹೀರಾತು ತೆಗೆದುಕೊಳ್ಳುವ ಹುಡುಗ, “ಎರಡ ಹೆಸರು ಯಾಕ್ರಿ ಸರ್? ಓದವ್ರಿಗೆ ಇಬ್ಬರು ತೀರಿಕೊಂಡಾರಂತ ಅನಸ್ತದ” ಎಂದ. ಅವನ ಮಾತನ್ನು ನಾನು ಒಂದು ಕ್ಷಣ ಯೋಚಿಸಿ, ಹಾಗೆಯೇ ಇರಲೆಂದು ಹೇಳಿ, ಹೆಚ್ಚಿನ ಸಾಲಿನ ಹಣ ಕೊಟ್ಟು ಬಂದೆ. ಅದನ್ನು ನೋಡಿ ಮೊದಲು ಫೋನು ಮಾಡಿದವರು ಸೋದರಮಾವ. ಏನೂ ಮಾತಾಡಲಿಲ್ಲ, ಆ ಹೆಸರನ್ನು ಒಮ್ಮೆ ಹೇಳಿ ಫೋನು ಇಟ್ಟರು.

ಪಾಟಲಿಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಕೊಂಡರೆ ಯಾರ ಕೈಗೆ ಎಂಬುದು ಪ್ರಶ್ನೆ. ಮೊಮ್ಮಗಳಿಗೆ ಎಂದು ಅಕ್ಕ ಹೇಳುತ್ತಾಳೆ. ಅದು ನನ್ನ ಮಗಳಿಗೆ ನಾನೇ ಒಡವೆ ಮಾಡಿಸಿದಂತಾಗುತ್ತದೆಯೇ ಹೊರತು ಸಾಲ ತೀರಿಸಿದಂತಲ್ಲ. ಪೆನ್ನು ಹಿಡಿದು ಆ ಸಾಲಿನ ಮೇಲೆ ಗೆರೆ ಎಳೆಯುವ ಅಧಿಕಾರ ನನಗಿದೆಯೇ ಎಂಬುದೂ ತಿಳಿಯಲೊಲ್ಲದು. ಪ್ರತಿ ತಿಂಗಳು ಸ್ವಲ್ಪ ಹಣವನ್ನು ಬೇರೆಯಾಗಿ ಇಡುತ್ತಿದ್ದೇನೆ, ಅಷ್ಟೆ.

2023ರ ಪಕ್ಷಮಾಸದಲ್ಲಿ ಅವಿಧವಾ ನವಮಿ ಬಂತು. ಗಂಡನಿರುವಾಗ ಹೋದ ಹೆಂಗಸರನ್ನು ನೆನೆಯುವ ದಿನ. ಆಕೆ ಏನಾಗಲಿಲ್ಲವೋ ಅದರಿಂದ ಹೆಸರಾದ ದಿನ. ಶ್ರಾದ್ಧ ಮುಗಿದು ಬ್ರಾಹ್ಮಣರು ಹೋದ ಮೇಲೆ ಅಪ್ಪ ಕನ್ನಡಕ ಕೇಳಿದರು. “ಆ ಪುಸ್ತಕಗೋಳು ತಾ” ಎಂದರು. ಒಂದು ವರ್ಷ ಅವುಗಳ ಕಡೆ ಕಣ್ಣೆತ್ತಿ ನೋಡದವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಹಿಂದಿನಿಂದ ತೆರೆದು, ಒಂದೊಂದೇ ಪುಟ ಬೆರಳಿಟ್ಟು ಓದುತ್ತ ಹೋದರು. ಚಹಾ ತಂದಿಟ್ಟರೆ ಆರಿತು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಒಂದು ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ನನ್ನ ಹೆಸರಿಲೇನೂ ಒಂದ ಅದ” ಎಂದರು.

ಏನೆಂದು ನಾನು ಕೇಳಿದೆ. ಅವರು ಹೇಳಲಿಲ್ಲ. ಆ ಪುಸ್ತಕವನ್ನು ಟ್ರಂಕಿಗೆ ಹಾಕಲೂ ಕೊಡಲಿಲ್ಲ. ಈಗಲೂ ಅದು ಅವರ ತಲೆದಿಂಬಿನ ಕೆಳಗಿದೆ.